ಬೆಳೆ ಹೋದರೂ ಬಿತ್ತಿದವ ಸಣ್ಣವನಲ್ಲ

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರನ್ನು ಹೊಕ್ಕಾಗ ಎಷ್ಟೋ ರೈತರ ಬೆಳೆ ನೀರುಪಾಲಾಯಿತು. ಅವರನ್ನು ಯಾರೂ ದಡ್ಡರೆನ್ನಲಿಲ್ಲ. ಆದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿ ಬಿಟ್ಟು ಸ್ವಂತ ಉದ್ಯಮ ಹೂಡಿ, ಸೋತು ಊರಿಗೆ ಮರಳಿದ ಮಗನಿಗೆ ಕಟ್ಟೆಯ ಮೇಲಿನ ಕುಹಕ ತಪ್ಪುವುದಿಲ್ಲ. ಇದು ನ್ಯಾಯವೇ?

ಸೋಲು ಪಂಡಿತರನ್ನೂ ಬಿಟ್ಟಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರರೂ ಕೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಯಂತ್ರವನ್ನು ಜನರ ಮುಂದಿಟ್ಟರು. ಓದು ಬಾರದವರಿಗೂ ಅದು ಬರಹವನ್ನು ಅವರ ನುಡಿಯಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರವರು ಹಂಚಿಕೊಂಡು ಬಳಸಬೇಕು, ಬೆಲೆ 9,000 ರೂಪಾಯಿಯ ಆಸುಪಾಸು ಇರಬೇಕು ಎಂಬುದು ಅವರ ಸಂಕಲ್ಪ. ಅಂಗಡಿಗೆ ಬರುವಷ್ಟರಲ್ಲಿ 2004 ಆಯಿತು. ನೆನೆಸಿದಷ್ಟು ಮಾರಾಟವಾಗಲಿಲ್ಲ, ಮುಂದೆ ಅಗ್ಗದ ಮೊಬೈಲು ಹಳ್ಳಿಹಳ್ಳಿಗೆ ಹಬ್ಬಿತು. ಇಂದು ಕನ್ನಡ ಓದಿ ಹೇಳುವ ಮೊಬೈಲು ನಮ್ಮ ಕಿಸೆಯಲ್ಲೇ ಇದೆ. ಅವರ ವ್ಯಾಪಾರ ಸೋತಿತು, ವಿಚಾರ ಸೋಲಲಿಲ್ಲ.

ಕಾಯಕವನ್ನು ಲಾಭದ ತಕ್ಕಡಿಯಲ್ಲಷ್ಟೇ ತೂಗಬಾರದು. ಹಾಗೆಂದು ತರುಣರಿಗೆ ಹೊಣೆ ಇಲ್ಲವೆಂದಲ್ಲ. ಯಾರಿಗಾಗಿ ಯಂತ್ರ ಕಟ್ಟುತ್ತೀರೋ ಅವರಿಗೆ ಅದು ಬೇಕೇ ಎಂದು ಮೊದಲು ಕೇಳಿರಿ. ಹದ ನೋಡದೆ ಬಿತ್ತುವವನು ಬೀಜವನ್ನೂ ಕಳೆದುಕೊಳ್ಳುತ್ತಾನೆ. ತಂದೆಯ ಹೊಲ ಒತ್ತೆಯಿಟ್ಟು ಸಾಹಸಕ್ಕೆ ಇಳಿಯಬೇಡಿರಿ.

ಹಿರಿಯರಿಗೆ ಒಂದು ಮಾತು: ಸೋತು ಬಂದ ಮಗನಿಗೆ ಮೊದಲು ರೊಟ್ಟಿ ಬಡಿಸಿರಿ, ಲೆಕ್ಕ ಆಮೇಲೆ ಕೇಳಿರಿ. ನೆರೆ ಇಳಿದ ಹೊಲವನ್ನು ಮತ್ತೆ ಹಸನು ಮಾಡಿ ಬಿತ್ತಿದ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.