ಸಣ್ಣ ಕಾರಿಗೆ ಬೇರೆ ಬಂಡಿಯ ಚಕ್ರ

ನಮ್ಮ ಕಾಸರಗೋಡು ಸೀಮೆಯ ತೋಟದ ಮಾರ್ಗಗಳಲ್ಲಿ ಎತ್ತಿನ ಗಾಡಿಯನ್ನು ಕಾಣುವುದು ಈಗ ಅಪರೂಪವಾಗಿದೆ. ಅಡಿಕೆಯ ಗೋಣಿ, ತೆಂಗಿನಕಾಯಿ, ಹಸುವಿನ ಹಿಂಡಿ, ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಇವೆಲ್ಲಕ್ಕೂ ಸಣ್ಣ ಕಾರೇ ಗತಿ. ಅವುಗಳಲ್ಲಿಯೂ ಮಾರುತಿ 800 ಎಂಬುದು ರೈತನ ಮನೆಯ ಅಂಗಳಕ್ಕೆ ಬಂದ ಮೊದಲನೆಯ ಕಾರು. 1983ರಲ್ಲಿ ಹೊರಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ, ಎರಡನೆಯ, ಮೂರನೆಯ ಕೈಗೆ ದಾಟಿದ ಬಂಡಿಗಳು ಹಳ್ಳಿಗಳಲ್ಲಿ ಇನ್ನೂ ಓಡುತ್ತಲಿವೆ. ಹೀಗೆ ಉಳಿದ ಹಳೆಯ ಸಣ್ಣ ಕಾರುಗಳಿಗೆ ಬೇರೆ ವಾಹನದ ಚಕ್ರಗಳನ್ನು ತಂದು ಜೋಡಿಸುವ ಪದ್ಧತಿ ಹಬ್ಬಿದೆ. ರೈತ ಬಾಂಧವರು ಈ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಪೇಟೆಯವರು ಇದನ್ನು ಹುಡುಗರ ಶೋಕಿ ಎಂದು ತಳ್ಳಿಬಿಡುತ್ತಾರೆ. ಪೇಟೆಯಲ್ಲಿ ಅದು ಶೋಕಿಯೇ ಇರಬಹುದು. ಹಳ್ಳಿಯಲ್ಲಿ ಹಾಗಲ್ಲ. ಮಳೆಗಾಲದಲ್ಲಿ ಗುಡ್ಡದ ನೀರು ಮಾರ್ಗದ ಮೇಲೆಯೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋದ ಮೇಲೆ ಮುರಕಲ್ಲಿನ ತಲೆಗಳು ಎದ್ದು ನಿಲ್ಲುತ್ತವೆ. ಚಕ್ರ ಹೋದಲ್ಲಿ ಎರಡು ಹೊಂಡ, ನಡುವೆ ದಿಬ್ಬ. ಸಣ್ಣ ಕಾರಿನ ಹೊಟ್ಟೆ ಆ ದಿಬ್ಬಕ್ಕೆ ತಾಗುತ್ತದೆ. ಕಾರು ನಾಲ್ಕು ಬೆರಳು ಎತ್ತರವಾದರೆ ಸಾಕಿತ್ತು ಎಂದು ಮಾಲಿಕನಿಗೆ ಅನಿಸುವುದು ಸಹಜವೇ. ಗುಜರಿಯಲ್ಲಿ ಅಗ್ಗಕ್ಕೆ ದೊಡ್ಡ ಚಕ್ರ ಸಿಕ್ಕುತ್ತದೆ, ಜೋಡಿಸಿಕೊಡುವ ಮೇಸ್ತ್ರಿಯೂ ಸಿಕ್ಕುತ್ತಾನೆ. ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದುದರಿಂದ ಇದನ್ನು ಮಾಡುವವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಅವರು ಬಯಸಿದ್ದು ನ್ಯಾಯವಾದದ್ದೇ, ಹಿಡಿದ ದಾರಿ ಮಾತ್ರ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಮೊದಲು ಎತ್ತರದ ಲೆಕ್ಕವನ್ನೇ ನೋಡೋಣ. ಟೈರಿನ ಪಕ್ಕದಲ್ಲಿ ಒತ್ತಿರುವ ಅಂಕೆಗಳನ್ನು ಓದಲು ಇಂಗ್ಲಿಷೂ ಬೇಡ, ಮಲಯಾಳವೂ ಬೇಡ. ಐದನೆಯ ತರಗತಿಯ ಗಣಿತ ಸಾಕು. ಮಾರುತಿ 800ರ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. 145 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂದರೆ ಟೈರಿನ ಪಕ್ಕದ ಎತ್ತರವು ಆ ಅಗಲದ ನೂರಕ್ಕೆ 70 ಪಾಲು. 12 ಎಂದರೆ ಒಳಗಿನ ಉಕ್ಕಿನ ಚಕ್ರದ ಅಡ್ಡಳತೆ, ಇಂಚುಗಳಲ್ಲಿ. 145ರ ನೂರಕ್ಕೆ 70 ಎಂದರೆ 101.5. ಮೇಲೊಂದು ಕೆಳಗೊಂದು ಎಂದು ಎರಡು ಪಾಲು ಸೇರಿ 203. 12 ಇಂಚು ಎಂದರೆ 304.8. ಒಟ್ಟಿನಲ್ಲಿ ಚಕ್ರದ ಎತ್ತರ ಸುಮಾರು 508 ಮಿಲಿಮೀಟರು.

ಈ ಕಾರಿಗೆ ನಮ್ಮವರು ಮೊದಲು ಹುಡುಕುವುದು ಅದೇ ಕಂಪೆನಿಯ ಓಮ್ನಿ ವ್ಯಾನಿನ ಚಕ್ರವನ್ನು. ಎರಡಕ್ಕೂ ನಾಲ್ಕು ಬೋಲ್ಟು, ಬೋಲ್ಟುಗಳ ವೃತ್ತದ ಅಳತೆಯೂ ಒಂದೇ, 114.3 ಮಿಲಿಮೀಟರು. ಹಾಗಾಗಿ ಚಕ್ರ ಸಲೀಸಾಗಿ ಕೂತುಬಿಡುತ್ತದೆ. ಓಮ್ನಿಯ ಟೈರು ಸುಮಾರು 540 ಮಿಲಿಮೀಟರು ಎತ್ತರವಿದೆ. ಅಂದರೆ 32 ಮಿಲಿಮೀಟರು ಹೆಚ್ಚು. ಆದರೆ ಕಾರು 32 ಮಿಲಿಮೀಟರು ಏರುವುದೇ? ಇಲ್ಲ. ಕಾರು ನಿಂತಿರುವುದು ಚಕ್ರದ ನಡುವಿನ ಹಬ್ಬಿನ ಮೇಲೆ. ಚಕ್ರ ಎಷ್ಟು ಬೆಳೆಯಿತೋ ಅದರ ಅರ್ಧದಷ್ಟು ಮಾತ್ರ ಕಾರು ಏರುತ್ತದೆ. ಲಾಭ ಒಂದು ಬೆರಳಿನ ದಪ್ಪ. ವ್ಯಾನಿನ ಟೈರು ಭಾರ ಹೊರಲು ಮಾಡಿದ ಗಟ್ಟಿ ಟೈರು. ಹಗುರವಾದ ಸಣ್ಣ ಕಾರಿನ ಕೆಳಗೆ ಅದು ಕಲ್ಲಿನ ಪೆಟ್ಟನ್ನು ನುಂಗದೆ ಮೇಲಕ್ಕೆ ಕಳಿಸುತ್ತದೆ. ಬೆರಳಿನಷ್ಟು ಎತ್ತರಕ್ಕಾಗಿ ಕೂತವರ ಬೆನ್ನೂ ಕಾರಿನ ಕೀಲುಗಳೂ ಬೆಲೆ ತೆರಬೇಕಾಗುತ್ತದೆ.

ಇಷ್ಟಕ್ಕೆ ತೃಪ್ತರಾಗದವರು 14 ಇಂಚಿನ ಚಕ್ರಕ್ಕೆ ಕೈ ಹಾಕುತ್ತಾರೆ. ಹಳೆಯ ಸ್ವಿಫ್ಟ್ ಕಾರಿನ 165/80 ಆರ್ 14 ಟೈರನ್ನು ತೆಗೆದುಕೊಳ್ಳಿ. ಮೇಲಿನ ಲೆಕ್ಕದಂತೆಯೇ ಮಾಡಿದರೆ ಅದರ ಎತ್ತರ ಸುಮಾರು 620 ಮಿಲಿಮೀಟರು. ಕಾರು 56 ಮಿಲಿಮೀಟರು ಏರುತ್ತದೆ, ನಿಜ. ಆದರೆ ಚಕ್ರ ನೂರಕ್ಕೆ 22ರಷ್ಟು ದೊಡ್ಡದಾಯಿತು. ಕಾರಿನ ವೇಗದ ಮೀಟರು ಮಾರ್ಗವನ್ನು ನೋಡಿ ಹೇಳುವುದಿಲ್ಲ, ಚಕ್ರದ ಸುತ್ತನ್ನು ಎಣಿಸಿ ಹೇಳುತ್ತದೆ. ಮೀಟರು 50 ತೋರಿಸುವಾಗ ಕಾರು ನಿಜವಾಗಿ 61ರಲ್ಲಿ ಓಡುತ್ತಿರುತ್ತದೆ. 5,000 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಬೇಕೆಂದು ಮೀಟರನ್ನು ನಂಬಿ ಕೂತವನ ಎಂಜಿನು 6,100 ಕಿಲೋಮೀಟರು ಓಡಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬ್ರೇಕಿನ ಮಾತು. ಬ್ರೇಕು ಹಿಡಿಯುವುದು ಚಕ್ರದ ನಡುವಿನಲ್ಲಿ, ಕಾರು ನಿಲ್ಲಬೇಕಾದದ್ದು ಚಕ್ರದ ಅಂಚಿನಲ್ಲಿ. ಬಾವಿಯ ರಾಟೆಯ ಅಚ್ಚನ್ನು ಕೈಯಿಂದ ಬಿಗಿಹಿಡಿದು, ಅಂಚಿನಲ್ಲಿ ಜಗ್ಗುತ್ತಿರುವ ತುಂಬಿದ ಕೊಡಪಾನವನ್ನು ನಿಲ್ಲಿಸಲು ಹೋದಂತೆ. ರಾಟೆ ದೊಡ್ಡದಾದಷ್ಟೂ ಕೈಗೆ ಕಷ್ಟ. ಚಕ್ರ ಶೇಕಡಾ 22ರಷ್ಟು ದೊಡ್ಡದಾದರೆ, ಅದೇ ಬ್ರೇಕು ಅದೇ ಕಾಲಿನ ಒತ್ತಿಗೆ ನೆಲದ ಮೇಲೆ ಕೊಡುವ ಹಿಡಿತ ಶೇಕಡಾ 18ರಷ್ಟು ಕಡಿಮೆಯಾಗುತ್ತದೆ. ಏರಿನಲ್ಲಿ ಎಳೆಯುವ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ನಮ್ಮ ಮಾರ್ಗಗಳಾದರೋ ಒಂದೋ ಏರು, ಇಲ್ಲವೇ ಇಳಿಜಾರು. ಸಮನಾದ ನೆಲ ಎಷ್ಟಿದೆ ಎಂದು ನೀವೇ ಹೇಳಿ.

ಇನ್ನು ಚಕ್ರವನ್ನು ಕೂರಿಸುವ ಬಗೆ. ಮಾರುತಿ 800ರ ಬೋಲ್ಟಿನ ವೃತ್ತ 114.3 ಆದರೆ ಸ್ವಿಫ್ಟಿನದು 100 ಮಿಲಿಮೀಟರು. ಒಂದರ ಚಕ್ರ ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೆ ಎರಡು ಉಪಾಯ ಹೂಡುತ್ತಾರೆ. ಒಂದು, ಚಕ್ರಕ್ಕೆ ಹೊಸ ತೂತು ಕೊರೆಯುವುದು. ಎರಡು, ನಡುವೆ ಒಂದು ಲೋಹದ ಬಿಲ್ಲೆ ಕೊಟ್ಟು ಅದರ ಮೇಲೆ ಚಕ್ರ ಬಿಗಿಯುವುದು. ಹಳೆಯ ತೂತಿನ ಮಗ್ಗುಲಲ್ಲೇ ಹೊಸ ತೂತು ಬಿದ್ದರೆ ನಡುವಿನ ಉಕ್ಕು ಎಷ್ಟು ಉಳಿಯಿತು? ಬಿಲ್ಲೆ ಕೊಟ್ಟರೆ ಚಕ್ರ ಆ ಬಿಲ್ಲೆಯ ದಪ್ಪದಷ್ಟು ಹೊರಕ್ಕೆ ಸರಿಯುತ್ತದೆ. ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಹೆಂಗಸರಿಗೆ ಗೊತ್ತು. ಕಾರಿನ ಬೇರಿಂಗು ಆ ಚಾಚಿದ ತೋಳಿನಂತೆ ಸೋಲುತ್ತದೆ.

ಪೂರ್ತಿ ಕೂರದ ಚಕ್ರಕ್ಕಿಂತ ಕೂತಂತೆ ಕಾಣುವ ಚಕ್ರ ಹೆಚ್ಚು ಅಪಾಯಕಾರಿ. ಫಿಯೆಟ್ ಕಂಪೆನಿಯ ಪಾಲಿಯೊ, ಪುಂಟೊ ಕಾರುಗಳ ವೃತ್ತ 98 ಮಿಲಿಮೀಟರು. 100ರ ಹಬ್ಬಿಗೆ ಅದನ್ನು ಒತ್ತಿ ಬಿಗಿದರೆ ಕೂತ ಹಾಗೆಯೇ ಕಾಣುತ್ತದೆ, ಆದರೆ ನಟ್ಟುಗಳು ಓರೆಯಾಗಿ ಕಚ್ಚಿರುತ್ತವೆ. ನಟ್ಟಿನ ವಿಷಯದಲ್ಲಿಯೂ ಹೀಗೆಯೇ. ಮಾರುತಿ ಬೋಲ್ಟಿನ ಹುರಿ 1.25 ಮಿಲಿಮೀಟರಿನದು, ಹ್ಯುಂಡೈಯದು 1.5ರದು. ಎರಡೂ 12 ಮಿಲಿಮೀಟರು ದಪ್ಪವಾದ್ದರಿಂದ ಒಂದರ ನಟ್ಟು ಇನ್ನೊಂದಕ್ಕೆ ಮೊದಲ ಸುತ್ತಿನಲ್ಲಿ ಹಿಡಿದಂತೆ ಆಗುತ್ತದೆ. ಬಲ ಹಾಕಿ ತಿರುಗಿಸಿದರೆ ಹುರಿ ಸವೆಯುತ್ತದೆ. ನಟ್ಟಿನ ಬುಡ ಕೆಲವು ಕಾರುಗಳಲ್ಲಿ ಶಂಕುವಿನಾಕಾರ, ಹೋಂಡಾದಂಥವುಗಳಲ್ಲಿ ಚೆಂಡಿನಂತೆ ಗುಂಡಗೆ. ಅದಕ್ಕಿದು, ಇದಕ್ಕದು ಆದರೆ ಬಿಗಿ ನಿಲ್ಲದು. ಟಾಟಾ ನ್ಯಾನೊ ಈ ಮಟ್ಟಿಗೆ ಪುಣ್ಯವಂತ. ಅದಕ್ಕೆ ಮೂರೇ ಬೋಲ್ಟು ಇರುವುದರಿಂದ ಬೇರೆಯವರ ಚಕ್ರ ತರುವ ಆಸೆಯೇ ಹುಟ್ಟುವುದಿಲ್ಲ!

ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ಪಕ್ಕದ ಇಳಿಜಾರಿನಲ್ಲಿ ತೂತು ಕೊರೆದ ಚಕ್ರದ ಒಂದು ಕಾರಿನ ಮುಂದಿನ ಬಲಚಕ್ರ ಕಳಚಿ ತೋಟಕ್ಕೆ ಉರುಳಿತು. ಒಳಗಿದ್ದವರು ವೃದ್ಧೆಯೊಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಕಾರು ದರೆಗೆ ಒರಗಿ ನಿಂತದ್ದರಿಂದ ಪ್ರಾಣಕ್ಕೆ ಏನೂ ಆಗಲಿಲ್ಲ. ಇನ್ನೊಂದು ಮಗ್ಗುಲಲ್ಲಿ ಇದ್ದುದು ತೋಡು. ಅದೇ ಕಾರು ಬೆಳಿಗ್ಗೆ ಆರು ಮಕ್ಕಳನ್ನು ಶಾಲೆಗೆ ತಂದು ಬಿಟ್ಟಿತ್ತೆಂಬುದನ್ನು ನಾನು ಮರೆಯಲಾರೆ. ‘ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತನ್ನು ಇಂತಹ ವಿಷಯದಲ್ಲಿ ಪ್ರಮಾಣವೆಂದು ಹಿಡಿಯಬಾರದು. ಉಕ್ಕು ಒಂದೇ ದಿನ ಮುರಿಯುವುದಿಲ್ಲ. ದಿನಕ್ಕೊಂದು ಕೂದಲೆಳೆಯಷ್ಟು ಬಿರಿಯುತ್ತಾ ಹೋಗಿ ಕೊನೆಗೊಂದು ದಿನ ಕೈಬಿಡುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸತಕ್ಕದ್ದಲ್ಲ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182-ಎ ಕಲಮಿನಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲಿಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ದಂಡ ಹೇಗೂ ಒಂದು ಸಲದ್ದು. ಅಪಘಾತವಾದಾಗ ವಿಮೆಯವರು ತಕರಾರು ಎತ್ತಲು ನಾವೇ ದಾರಿ ತೆರೆದುಕೊಟ್ಟಂತಾಗುವುದು ಅದಕ್ಕಿಂತ ದೊಡ್ಡ ನಷ್ಟ. ನಮ್ಮಲ್ಲಿ ಹಲವರು ಬೆಳಗ್ಗೆ ಬದಿಯಡ್ಕದಲ್ಲಿದ್ದು ಮಧ್ಯಾಹ್ನ ಪುತ್ತೂರಿನಲ್ಲಿರುವವರು. ಈ ಕಾಯಿದೆ ಇಡೀ ದೇಶದ್ದು. ಗಡಿ ದಾಟಿದರೆ ತಪ್ಪಿಸಿಕೊಳ್ಳಬಹುದು ಎಂಬುದಿಲ್ಲ.

ಹಾಗಾದರೆ ಚಕ್ರ ಬದಲಾಯಿಸುವುದೇ ಪಾಪವೇ ಎಂದು ಕೆಲವರು ಕೇಳಬಹುದು. ಖಂಡಿತ ಅಲ್ಲ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆದ ಎತ್ತಿನ ಗಾಡಿಗೆ ಗಾಳಿ ತುಂಬಿದ ಟೈರು ಬಂದದ್ದು ನಮ್ಮ ದೇಶದ ರೈತನಿಗಾದ ದೊಡ್ಡ ಉಪಕಾರ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ಒಂದು ಶಾಸ್ತ್ರವಾಗಿಯೇ ಅಭ್ಯಾಸ ಮಾಡಿದರು. ಎತ್ತಿನ ಕತ್ತಿನ ಮೇಲಿನ ಹೊರೆಯನ್ನು ಇಳಿಸುವುದು ಅವರ ಉದ್ದೇಶವಾಗಿತ್ತು. ಆದರೆ ಅಲ್ಲಿ ಬದಲಾದದ್ದು ಚಕ್ರ ಒಂದೇ ಅಲ್ಲ. ಟೈರಿನೊಡನೆ ಅದಕ್ಕೆ ಹೊಂದುವ ಅಚ್ಚೂ ಬೇರಿಂಗೂ ಬಂದವು. ಇಷ್ಟಾದರೂ ಸುಲಭವಾಗಿ ಉರುಳುವ ಟೈರು ಗಾಡಿ ಇಳಿಜಾರಿನಲ್ಲಿ ಎತ್ತುಗಳನ್ನೇ ನೂಕತೊಡಗಿದಾಗ ಬ್ರೇಕೂ ಬೇಕೆಂದಾಯಿತು. ಒಂದು ಅಂಗ ಬದಲಾದರೆ ಉಳಿದ ಅಂಗಗಳನ್ನೂ ಅದಕ್ಕೆ ತಕ್ಕಂತೆ ಮಾಡಬೇಕಾಗುತ್ತದೆ ಎಂಬುದೇ ಅದರ ಪಾಠ.

ಕಾರಿನಲ್ಲಿಯೂ ಸಲ್ಲುವ ಬದಲಾವಣೆ ಇದೆ. ಹಳೆಯ ಚಕ್ರ ಬಾಗಿದಾಗ ಅದೇ ಮಾದರಿಯ ಇನ್ನೊಂದು ಕಾರಿನ ಚಕ್ರವನ್ನು ಗುಜರಿಯಿಂದ ತರುವುದರಲ್ಲಿ ದೋಷವಿಲ್ಲ. ಆದರೆ ತರುವ ಮೊದಲು ಇಷ್ಟನ್ನು ನೋಡಿಕೊಳ್ಳಿ. ನಾಲ್ಕು ತೂತಿನ ಚಕ್ರವಾದರೆ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ, ಅದೇ ಬೋಲ್ಟಿನ ವೃತ್ತ. ಎರಡು ಮಿಲಿಮೀಟರಿನ ವ್ಯತ್ಯಾಸವನ್ನೂ ಬಿಡಬೇಡಿ. ಚಕ್ರದ ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಸಡಿಲವಿರಬಾರದು. ತೂತಿನ ಸುತ್ತ ಬಿರುಕು, ಬೆಸುಗೆ ಇದ್ದರೆ ಮುಟ್ಟಬೇಡಿ. ಟೈರಿನ ಅಳತೆ ಮುಗಿದ ಮೇಲೆ ಬರುವ ಅಂಕೆ ಅದು ಹೊರುವ ಭಾರದ ಗುರುತು. 74 ಎಂದಿದ್ದರೆ ಒಂದು ಟೈರಿಗೆ 375 ಕಿಲೋ. ಇದು ಮೊದಲಿನದಕ್ಕಿಂತ ಕಡಿಮೆಯಾಗಕೂಡದು. ಟೈರಿನ ವಯಸ್ಸನ್ನೂ ತಿಳಿಯಬಹುದು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳಲ್ಲಿ ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. 3519 ಎಂದರೆ 2019ನೆಯ ಇಸವಿಯ 35ನೆಯ ವಾರ. ಚಕ್ರ ಜೋಡಿಸಿ ಐವತ್ತು, ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಹೊಟ್ಟೆ ತಾಗುವ ಕಾರಿಗೆ ಬೇರೆ ಮದ್ದುಗಳಿವೆ. ಇಪ್ಪತ್ತು ವರ್ಷ ಓಡಿದ ಕಾರಿನ ಸ್ಪ್ರಿಂಗು ಕುಸಿದಿರುತ್ತದೆ. ಅದನ್ನು ಹೊಸದು ಮಾಡಿದರೆ ಕಳೆದುಹೋದ ಎತ್ತರ ಮರಳಿ ಬರುತ್ತದೆ, ಕಾಯಿದೆಗೂ ತೊಡಕಿಲ್ಲ. ಅಡಿಕೆ, ಗೊಬ್ಬರ ಸಾಗಿಸಲು ನಾಲ್ಕು ಮನೆಯವರು ಸೇರಿ ಜೀಪನ್ನೋ ಸಾಮಾನಿನ ರಿಕ್ಷಾವನ್ನೋ ಬಾಡಿಗೆಗೆ ಹಿಡಿಯಲಿ. ಕಾರು ಮನುಷ್ಯರಿಗಿರಲಿ.

ಎಲ್ಲಕ್ಕಿಂತ ದೊಡ್ಡ ಮದ್ದು ಮಾರ್ಗವೇ. ಮಾರ್ಗ ಹಾಳಾಗುವುದು ಕಾರಿನ ಓಡಾಟದಿಂದಲ್ಲ, ನೀರಿನ ಹರಿವಿನಿಂದ. ಗುಡ್ಡದ ಕಡೆಗೊಂದು ಚರಂಡಿ, ಅಲ್ಲಲ್ಲಿ ನೀರನ್ನು ಅಡ್ಡಕ್ಕೆ ಹೊರಡಿಸುವ ಕಣಿ, ಚಕ್ರ ಹೋಗುವ ಎರಡು ಸಾಲುಗಳಿಗೆ ಕಲ್ಲಿನ ಹಾಸು, ಇಷ್ಟಾದರೆ ತೋಟದ ಮಾರ್ಗ ಮಳೆಗಾಲವನ್ನು ದಾಟುತ್ತದೆ. ಇದಕ್ಕೆ ದೊಡ್ಡ ವಿದ್ಯೆ ಬೇಡ. ತೋಟದಲ್ಲಿ ಕಂಗಿನ ಬುಡಕ್ಕೆ ನೀರು ನಿಲ್ಲದಂತೆ ಕಣಿ ತೆಗೆಯಬಲ್ಲ ನಾವು ಮಾರ್ಗದ ನೀರನ್ನು ತಿರುಗಿಸಲಾರೆವೇ? ಪಂಚಾಯತಿನ ಗ್ರಾಮಸಭೆಯಲ್ಲಿ ಬರೆದು ಕೊಡೋಣ, ಒತ್ತಾಯಿಸೋಣ. ಅದು ಮಂಜೂರಾಗುವ ತನಕ ಮಳೆಗೆ ಮೊದಲು ಮನೆಗೊಬ್ಬರಂತೆ ಒಂದು ದಿನ ಹಾರೆ ಹಿಡಿಯೋಣ. ನಾಲ್ಕು ದೊಡ್ಡ ಚಕ್ರಗಳಿಂದ ಒಬ್ಬನ ಕಾರು ಮಾತ್ರ ಏರುತ್ತದೆ, ಅದೂ ಎರಡು ಬೆರಳು. ಮಾರ್ಗ ಸರಿಯಾದರೆ ಎಲ್ಲರ ಬಂಡಿಯೂ ಹೋಗುತ್ತದೆ, ನಡೆದು ಹೋಗುವ ಶಾಲೆಯ ಮಕ್ಕಳ ಕಾಲೂ ಕೆಸರಾಗುವುದಿಲ್ಲ.