ಗೃಹಪಾಕ: ಥಾಯ್ ದೇಶದ ತುಳಸಿಕೋಳಿ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಬಂಧುಗಳೂ ಈಗ ಉದ್ಯೋಗನಿಮಿತ್ತ ಪರದೇಶಗಳಲ್ಲಿರುವರಷ್ಟೆ. ಅವರು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತರುವ ವಸ್ತುಗಳಿಗಿಂತ ನಾಲಗೆಯಲ್ಲಿ ತರುವ ರುಚಿಗಳೇ ಮನೆಯವರಿಗೆ ಹೆಚ್ಚು ಕೆಲಸ ಕೊಡುವುವು. ಕಳೆದ ವರ್ಷ ನಮ್ಮ ತಮ್ಮನ ಮಗನು ಬ್ಯಾಂಕಾಕಿನಿಂದ ಮೂರು ವಾರದ ರಜೆಯಲ್ಲಿ ಬಂದವನು, ತಾನು ಅಲ್ಲಿ ದಿನ ಬಿಟ್ಟು ದಿನ ಉಣ್ಣುವ ಕೋಳಿಯ ಅಡಿಗೆಯನ್ನು ನಮಗೆಲ್ಲ ಮಾಡಿ ಬಡಿಸುವೆನೆಂದು ಹೊರಟನು. ಕೋಳಿ ಬಂದಿತು; ಬೆಳ್ಳುಳ್ಳಿ ಸುಲಿದುದಾಯಿತು. "ಇನ್ನು ಎಲೆಯೊಂದೇ ಬಾಕಿ" ಎಂದು ಅವನು ಬಟ್ಟಲು ಹಿಡಿದು ಅಂಗಳಕ್ಕೆ ಇಳಿದು, ನೆಟ್ಟಗೆ ತುಳಸಿಯ ಬೃಂದಾವನದ ಕಡೆಗೆ ನಡೆದನು.

ನಮ್ಮ ತಾಯಿಯವರು ಜಗಲಿಯಲ್ಲಿ ಕುಳಿತಿದ್ದರು. "ಏನಪ್ಪಾ, ಈ ಹೊತ್ತಿನಲ್ಲಿ ತುಳಸಿ ಯಾಕೆ?" ಎಂದರು. "ಕೋಳಿಗೆ ಹಾಕುವುದಕ್ಕೆ, ಅಜ್ಜಿ" ಎಂದು ಅವನು ನಿಷ್ಕಪಟವಾಗಿ ಉತ್ತರ ಕೊಟ್ಟನು.

ಮುಂದೆ ನಡೆದುದನ್ನು ಹೇಳುವ ಮೊದಲು ಆ ಹುಡುಗನ ಪಕ್ಷವನ್ನು ಸ್ವಲ್ಪ ವಿವರಿಸುವುದು ನ್ಯಾಯ. 1939ರ ತನಕ ಸಯಾಮ್ ಎಂದು ಕರೆಯಿಸಿಕೊಳ್ಳುತ್ತಿದ್ದ ಥಾಯ್ ದೇಶದಲ್ಲಿ ಈ ಅಡಿಗೆಗೆ 'ಫಟ್ ಕಫ್ರಾವ್' ಎಂದು ಹೆಸರು. 'ಫಟ್' ಎಂದರೆ ಬಾಣಲೆಯಲ್ಲಿ ಬಾಡಿಸುವುದು. 'ಕಫ್ರಾವ್' ಎಂದರೆ ತುಳಸಿ. ತುಳಸಿಯನ್ನು ಹೋಲುವ ಬೇರೊಂದು ಗಿಡವೆಂದು ವಾಚಕರು ತಿಳಿಯಬಾರದು. ಸಸ್ಯಶಾಸ್ತ್ರಜ್ಞರು ನಮ್ಮ ಅಂಗಳದ ತುಳಸಿಗೂ ಅವರ ಕಫ್ರಾವಿಗೂ ಒಂದೇ ಹೆಸರನ್ನು ಕೊಟ್ಟಿದ್ದಾರೆ. ನಮ್ಮಲ್ಲಿ ಕೃಷ್ಣತುಳಸಿ, ರಾಮತುಳಸಿ ಎಂದು ಎರಡು ಬಗೆಗಳಿರುವಂತೆ ಅವರಲ್ಲಿಯೂ ಕೆಂಪು ಕಫ್ರಾವ್, ಬಿಳಿಯ ಕಫ್ರಾವ್ ಎಂದು ಎರಡುಂಟು. ಕೆಂಪಿನದಕ್ಕೆ ಘಾಟು ಹೆಚ್ಚು. ಇದರಲ್ಲಿ ಲವಂಗದ ವಾಸನೆ ಬರುವುದಕ್ಕೆ ಕಾರಣ, ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ದ್ರವ್ಯವೇ ಈ ಎಲೆಯಲ್ಲಿಯೂ ಇರುವುದು.

ಇದು ಅರಮನೆಯ ಅಡಿಗೆಯಲ್ಲ, ಹಬ್ಬದ ಅಡಿಗೆಯೂ ಅಲ್ಲ. ಬೀದಿಯ ಬದಿಯ ಅಂಗಡಿಯಲ್ಲಿ ಐದು ನಿಮಿಷದೊಳಗೆ ಬೇಯಿಸಿ, ಬಿಸಿ ಅನ್ನದ ಮೇಲೆ ಸುರಿದು, ಅದರ ಮೇಲೊಂದು ಕರಿದ ಮೊಟ್ಟೆಯನ್ನಿಟ್ಟು ಕೊಡುವ ಊಟ. ಆ ಮೊಟ್ಟೆಗೆ ಅವರು 'ಖಾಯ್ ದಾವ್', ಅಂದರೆ ನಕ್ಷತ್ರದ ಮೊಟ್ಟೆ, ಎನ್ನುವರು. ಏನು ತಿನ್ನಬೇಕೆಂದು ತೋಚದವನು ಕೊನೆಗೆ ಇದನ್ನೇ ಕೇಳುವನಾದ್ದರಿಂದ 'ಯೋಚನೆ ಮುಗಿದವನ ಊಟ' ಎಂದು ಅಲ್ಲಿಯವರೇ ಹಾಸ್ಯಮಾಡುವುದುಂಟು. ನಮ್ಮಲ್ಲಿ ಉಪ್ಪಿಟ್ಟಿಗೆ ಇರುವ ಸ್ಥಾನವೇ ಅಲ್ಲಿ ಇದಕ್ಕೆಂದು ನಮಗೆ ತೋರುತ್ತದೆ. ಆದರೆ ಉಪ್ಪಿಟ್ಟಿಗಿಲ್ಲದ ಒಂದು ವ್ಯಾಜ್ಯ ಇದಕ್ಕುಂಟು. ಕೆಲವು ಅಂಗಡಿಯವರು ಅಳತೆ ಹೆಚ್ಚಿಸಲು ಅಲಸಂದೆಯ ಕಾಯನ್ನೂ ಈರುಳ್ಳಿಯನ್ನೂ ಎಳೆಯ ಮುಸುಕಿನ ಜೋಳವನ್ನೂ ಸೇರಿಸುವರು. ಶುದ್ಧವಾದಿಗಳು ಇದರಿಂದ ಕೆರಳುವರು. ನಾವು ಶುದ್ಧವಾದಿಗಳ ಕಡೆಗೇ ಸೇರಿದವರು. ತರಕಾರಿ ನೀರು ಬಿಡುತ್ತದೆ. ನೀರು ಬಿಟ್ಟರೆ ಕೋಳಿ ಬೇಯುವುದೇ ಹೊರತು ಹುರಿಯುವುದಿಲ್ಲ.

ಅಯೋಧ್ಯೆಯ ಹೆಸರನ್ನು ತನ್ನ ರಾಜಧಾನಿಗೆ ಇಟ್ಟುಕೊಂಡು, ರಾಮಾಯಣವನ್ನು 'ರಾಮಕಿಯೆನ್' ಎಂಬ ಹೆಸರಿನಿಂದ ತನ್ನದಾಗಿಸಿಕೊಂಡ ಆ ದೇಶವು ತುಳಸಿಯನ್ನು ಮಾತ್ರ ಅಡಿಗೆಮನೆಗೇ ಬಿಟ್ಟುಕೊಟ್ಟಿತು. ಅಲ್ಲಿ ಅದು ಕೊತ್ತಂಬರಿಯ ಹಾಗೆ ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಸೊಪ್ಪು. ಹುಡುಗನು ಇದನ್ನೇ ಅಜ್ಜಿಗೆ ಹೇಳಿದನು.

ತಾಯಿಯವರು ಕೋಪಿಸಿಕೊಳ್ಳಲಿಲ್ಲ. "ಕೋಳಿ ತಿನ್ನಬೇಡವೆಂದು ನಾನು ಅನ್ನುವುದಿಲ್ಲ, ಮಗೂ. ನಿಮ್ಮ ತಾತನವರೂ ತಿನ್ನುತ್ತಿದ್ದರು. ಆದರೆ ಬೆಳಿಗ್ಗೆ ಕೈಮುಗಿದ ಗಿಡವನ್ನು ಮಧ್ಯಾಹ್ನ ಬಾಣಲೆಗೆ ಹಾಕಿದರೆ ನಾಳೆ ಯಾವ ಮುಖ ಹೊತ್ತು ಅದರ ಮುಂದೆ ನಿಲ್ಲಲಿ?" ಎಂದರು. ನಾವು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು. ಇಬ್ಬರ ಮಾತಿನಲ್ಲಿಯೂ ತಪ್ಪಿರಲಿಲ್ಲ. ಹುಡುಗನು ಬರಿಯ ಬಟ್ಟಲಿನೊಡನೆ ಹಿಂದಿರುಗಿದನು.

ಆ ದಿನ ಹಿತ್ತಲಲ್ಲಿದ್ದ ಕಾಮಕಸ್ತೂರಿಯ ಎಲೆಯಿಂದ ಕೆಲಸ ಸಾಗಿತು. ಬೇಸಿಗೆಯಲ್ಲಿ ಯಾವುದರ ಬೀಜವನ್ನು ನೆನೆಸಿ ಪಾನಕಕ್ಕೆ ಹಾಕುವೆವೋ ಆ ಗಿಡವೇ ಇದು. ಥಾಯ್ ಜನರ 'ಹೋರಫಾ' ಎಂಬ ಸೊಪ್ಪು ಇದರ ಜಾತಿಯದೇ. ಅದರ ವಾಸನೆ ಸೋಂಪಿನ ಕಡೆಗೆ ಹೋಗುವುದು, ಲವಂಗದ ಕಡೆಗಲ್ಲ. ಅಡಿಗೆ ರುಚಿಯಾಗಿಯೇ ಇದ್ದಿತು. ಮಕ್ಕಳು ಬಾಣಲೆಯನ್ನು ಒರಸಿ ತಿಂದರು. ಮಾಡಿದವನು ಮಾತ್ರ ಎರಡು ತುತ್ತು ತಿಂದು, "ಚೆನ್ನಾಗಿದೆ, ಆದರೆ ಇದು ಅದಲ್ಲ" ಎಂದು ಸುಮ್ಮನಾದನು. ದೂರದಿಂದ ಬಂದ ಹುಡುಗನು ತನ್ನ ನಿತ್ಯದ ಬದುಕಿನ ಒಂದು ಚೂರನ್ನು ನಮ್ಮ ಮುಂದಿಡಲು ಹೋಗಿ ಇಡಲಾರದೆ ಉಳಿದುದು ನಮ್ಮ ಮನಸ್ಸನ್ನು ಚುಚ್ಚಿತು.

ತಾಯಿಯವರೂ ಅದನ್ನು ಗಮನಿಸಿದ್ದಿರಬೇಕು. ಮರುದಿನ ಬೆಳಿಗ್ಗೆ ಅವರು ಅವನನ್ನು ಕರೆದು ಬೃಂದಾವನದ ಬುಡದ ಕಲ್ಲುಸಂದುಗಳನ್ನು ತೋರಿಸಿದರು. ಉದುರಿದ ಬೀಜದಿಂದ ಹುಟ್ಟಿದ ಸಣ್ಣ ಸಸಿಗಳು ಅಲ್ಲಿ ಯಾವಾಗಲೂ ಇರುವುವು. ನೆರೆಹೊರೆಯವರು ಕೇಳಿದಾಗ ಕಿತ್ತು ಕೊಡುವುದು ವಾಡಿಕೆ. "ಇವಕ್ಕೆ ಇನ್ನೂ ಪೂಜೆಯಾಗಿಲ್ಲ. ಮೂರನ್ನು ಕಿತ್ತು ಹಿತ್ತಲ ಕುಂಡದಲ್ಲಿ ನೆಡು. ಏನು ಮಾಡುತ್ತೀಯೋ ನನ್ನನ್ನು ಕೇಳಬೇಡ" ಎಂದರು. ಅವನು ನೆಟ್ಟನು. ಸಸಿಗಳು ಬಲಿಯುವ ಮೊದಲೇ ರಜೆ ಮುಗಿದು ಹೊರಟುಹೋದನು. ಕ್ರಮವನ್ನು ಮಾತ್ರ ಒಂದು ಕಾಗದದಲ್ಲಿ ಬರೆದಿಟ್ಟಿದ್ದನು. ಎರಡು ತಿಂಗಳ ಮೇಲೆ ನಾವೇ ಬಾಣಲೆಯನ್ನಿಟ್ಟೆವು.

ಮೂವರಿಗೆ ಸಾಕಾಗುವಷ್ಟು ಮಾಡಲು, ಕೋಳಿಯ ತೊಡೆಯ ಮಾಂಸವನ್ನು ಮೂಳೆ ಬಿಡಿಸಿ 400 ಗ್ರಾಂ ತೆಗೆದುಕೊಳ್ಳಬೇಕು. ಎದೆಯ ಮಾಂಸ ಬೇಗನೆ ಒಣಗುವುದರಿಂದ ನಮಗೆ ಅದು ಒಪ್ಪುವುದಿಲ್ಲ. ಇದನ್ನು ಕತ್ತಿಯಿಂದಲೇ ಕೊಚ್ಚತಕ್ಕುದು. ಕಡಲೆಬೇಳೆಯಷ್ಟು ದಪ್ಪದ ಚೂರುಗಳಿರಲಿ. ಯಂತ್ರಕ್ಕೆ ಹಾಕಿದರೆ ಹಿಟ್ಟಾಗುವುದು. ಹತ್ತು ಎಸಳು ಬೆಳ್ಳುಳ್ಳಿಯನ್ನೂ ಎಂಟು ಹತ್ತು ಸೂಜಿಮೆಣಸನ್ನೂ ಸಣ್ಣ ಒರಳಿನಲ್ಲಿ ಕುಟ್ಟಿ ಒರಟಾಗಿ ತೆಗೆಯಬೇಕು. ಮಲೆನಾಡಿನವರು ಜೀರಿಗೆಮೆಣಸೆಂದೂ ಕರಾವಳಿಯವರು ಗಾಂಧಾರಿಯೆಂದೂ ಕರೆಯುವ ಸಣ್ಣ ಮೆಣಸೇ ಇಲ್ಲಿ ಸಲ್ಲುವುದು. ಥಾಯ್ ಭಾಷೆಯಲ್ಲಿ ಇಂಥದಕ್ಕೆ ಇಲಿಯ ಹಿಕ್ಕೆಯ ಮೆಣಸೆಂದು ಹೆಸರು. ಊಟದ ಹೊತ್ತಿನಲ್ಲಿ ಹೇಳತಕ್ಕ ಮಾತಲ್ಲ, ಆದರೆ ಆಕಾರವನ್ನು ನೋಡಿದವರು ಒಪ್ಪುವರು. ಅಂದಹಾಗೆ, ಈ ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕಾ ಖಂಡದ ಈ ಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಿಂದ ಈ ಕಡೆಗೆ ಬಂದುದು. 1510ರಲ್ಲಿ ಗೋವೆಯನ್ನು ಹಿಡಿದ ಅವರು ಮರುವರ್ಷವೇ ಸಯಾಮಿನ ರಾಜಧಾನಿಗೆ ದೂತನನ್ನು ಕಳುಹಿಸಿದ್ದರು.

ಎರಡು ದೊಡ್ಡ ಚಮಚ 'ನಾಮ್ ಪ್ಲಾ', ಒಂದು ಸಣ್ಣ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಸಕ್ಕರೆ, ಇವನ್ನು ಒಂದು ಬಟ್ಟಲಲ್ಲಿ ಮೊದಲೇ ಬೆರೆಸಿಡಬೇಕು. ಒಲೆಯ ಮುಂದೆ ನಿಂತಮೇಲೆ ಸೀಸೆ ಹುಡುಕಲು ಸಮಯವಿರುವುದಿಲ್ಲ. ನಾಮ್ ಪ್ಲಾ ಎಂಬುದು ಸಣ್ಣ ಮೀನನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಮಾಗಿಸಿ ಬಸಿದು ತೆಗೆದ ರಸ. ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಕ್ಕುತ್ತದೆ. ಸೀಸೆಯ ಮುಚ್ಚಳ ತೆರೆದೊಡನೆ ಬರುವ ವಾಸನೆಗೆ ಹೆದರಬಾರದು. ಬಾಣಲೆಯ ಕಾವಿಗೆ ಅದು ಬೇರೆಯೇ ಆಗುವುದು. ಇದರಲ್ಲಿಯೇ ಉಪ್ಪು ಬಹಳವಿರುವುದರಿಂದ ಬೇರೆ ಉಪ್ಪು ಹಾಕಕೂಡದು.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಇಡೀ ಮಾಂಸವನ್ನು ಒಟ್ಟಿಗೆ ಸುರಿದೆವು; ಬಾಣಲೆ ತಣ್ಣಗಾಗಿ ನೀರೊಡೆದು, ಸಾರಿನಂತಹ ಏನೋ ಒಂದು ಆಯಿತು. ಬೀದಿಯ ಅಂಗಡಿಯವನ ಒಲೆಯ ಉರಿ ನಮ್ಮ ಮನೆಯ ಒಲೆಗೆ ಇಲ್ಲ. ಆದಕಾರಣ ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವ ತನಕ ಕಾಯಿಸಿ, ಅರ್ಧರ್ಧವಾಗಿ ಎರಡು ಸಲ ಮಾಡುವುದೇ ಯುಕ್ತ. ಒಂದೂವರೆ ದೊಡ್ಡ ಚಮಚ ಎಣ್ಣೆ ಹಾಕಿ, ಕುಟ್ಟಿದುದರಲ್ಲಿ ಅರ್ಧವನ್ನು ಸೇರಿಸಿ ಎಣಿಸಿ ಹತ್ತು ಸಲ ಕೈಯಾಡಿಸಬೇಕು. ಆಗ ಏಳುವ ಘಾಟಿಗೆ ಮನೆಯವರೆಲ್ಲ ಕೆಮ್ಮುವರು. ಕಿಟಕಿಗಳನ್ನು ಮೊದಲೇ ತೆರೆದಿಟ್ಟಿರಬೇಕು, ಹಸುಗೂಸುಗಳನ್ನು ಹೊರಗೆ ಕಳುಹಿಸಿರಬೇಕು. ಬೆಳ್ಳುಳ್ಳಿ ಕೆಂಪಗಾಗುವ ಮೊದಲೇ ಅರ್ಧ ಮಾಂಸವನ್ನು ಹಾಕಿ, ಹರಡಿ, ಅರ್ಧ ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ತಿರುವುತ್ತ ಎಲ್ಲಿಯೂ ಕೆಂಪು ಕಾಣದಂತೆ ಹುರಿಯಬೇಕು. ಮೂರು ನಾಲ್ಕು ನಿಮಿಷ ಸಾಕು. ಬಟ್ಟಲಿನ ರಸದಲ್ಲಿ ಅರ್ಧವನ್ನು ಬಾಣಲೆಯ ಅಂಚಿನಿಂದ ಸುರಿದು ಕೈಯಾಡಿಸಬೇಕು.

ಎಲೆಯ ಸರದಿ ಕಟ್ಟಕಡೆಗೆ. ಒಂದೊಂದು ಪಾಲಿಗೆ ಒಂದು ಬೊಗಸೆ ತುಂಬ ಎಲೆ ಬೇಕು. ಹತ್ತು ದಳ ಉದುರಿಸಿದರೆ ಅಲಂಕಾರವಾಗುವುದೇ ಹೊರತು ಅಡಿಗೆಯಾಗುವುದಿಲ್ಲ. ಹಾಕಿ, ಉರಿಯನ್ನು ಆರಿಸಿ, ಎಲೆ ಬಾಡುವ ತನಕ ಎರಡು ಸಲ ತಿರುವಿದರೆ ಮುಗಿಯಿತು. ಹೆಚ್ಚು ಹೊತ್ತು ಬಿಟ್ಟರೆ ಪರಿಮಳ ಹಾರಿಹೋಗಿ ಕಪ್ಪಾದ ಸೊಪ್ಪು ಉಳಿಯುವುದು. ಕೃಷ್ಣತುಳಸಿಯಾದರೆ ಒಂದು ಹಿಡಿ ಕಡಮೆ ಹಾಕುವುದು ಲೇಸು; ನಮ್ಮ ನಾಲಗೆಗೆ ಅದು ಸ್ವಲ್ಪ ಒಗರೆನಿಸಿತು. ಮೊಟ್ಟೆಯನ್ನು ಧಾರಾಳವಾದ ಎಣ್ಣೆಯಲ್ಲಿ, ಅಂಚು ಗರಿಗರಿಯಾಗಿ ಹಳದಿಯ ಭಾಗ ಮೆತ್ತಗೆ ಉಳಿಯುವಂತೆ ಕರಿದು ಮೇಲಿಡಬೇಕು. ಮಾಂಸವನ್ನು ಮುಟ್ಟದ ಮನೆಯವರು ಅಣಬೆಯಿಂದ, ನಾಮ್ ಪ್ಲಾಗೆ ಬದಲು ಸೋಯಾ ಸಾಸ್ ಮತ್ತು ಉಪ್ಪಿನಿಂದ ಮಾಡಬಹುದು. ಥಾಯ್ ಜನರು ಇದನ್ನು ಚಮಚ, ಮುಳ್ಳುಚಮಚಗಳಿಂದ ಉಣ್ಣುವರು. ನಾವು ಕೈಯಿಂದಲೇ ಉಂಡೆವು.

ಎರಡನೆಯ ಸಲ ಮಾಡಿದಾಗ ದೂರವಾಣಿಯಲ್ಲಿ ಹುಡುಗನಿಗೆ ಬಾಣಲೆಯನ್ನು ತೋರಿಸಿದೆವು. ವಾಸನೆಯನ್ನು ಮಾತ್ರ ಕಳುಹಿಸಲಾಗಲಿಲ್ಲ. "ಅಜ್ಜಿ ಏನೆಂದರು?" ಎಂಬುದೇ ಅವನ ಮೊದಲ ಪ್ರಶ್ನೆ. ಅವರು ಏನೂ ಅನ್ನಲಿಲ್ಲ, ರುಚಿಯನ್ನೂ ನೋಡಲಿಲ್ಲ. ಹಿತ್ತಲ ಕುಂಡದ ಗಿಡಗಳು ಈಗ ಮೊಣಕಾಲೆತ್ತರ ಬೆಳೆದಿವೆ. ಕದಿರು ಬರುವ ಮೊದಲೇ ತುದಿ ಚಿವುಟುತ್ತಿರುವುದರಿಂದ ಒತ್ತಾಗಿ ಚಿಗುರಿವೆ. ತಾಯಿಯವರು ಬೃಂದಾವನಕ್ಕೆ ನೀರೆರೆದ ಮೇಲೆ ತಂಬಿಗೆಯಲ್ಲಿ ಉಳಿದುದನ್ನು ಹಿತ್ತಲಿಗೆ ಕೊಂಡುಹೋಗಿ ಆ ಕುಂಡಕ್ಕೂ ಹಾಕುತ್ತಾರೆ. ಕುಂಕುಮವನ್ನು ಮಾತ್ರ ಇಡುವುದಿಲ್ಲ.