ವದಂತಿಗೆ ಬಹುಮಾನ ಸಾರುವ ಮುನ್ನ



ಕಣ್ಣಿಗೆ ಕಾಣದ ಭೀತಿ ಊರಿಗೆ ಹಬ್ಬಿದಾಗ ಆಡಳಿತ ಎಲ್ಲಿ ಎಡವುತ್ತದೆ ಎಂಬುದಕ್ಕೆ 2001ರ ಮೇ ತಿಂಗಳಲ್ಲಿ ದೆಹಲಿಯನ್ನು ನಡುಗಿಸಿದ ‘ಮಂಕಿ ಮ್ಯಾನ್’ ಪ್ರಕರಣವೇ ಸಾಕ್ಷಿ. ಕೋತಿಯಂಥ ಜೀವಿಯೊಂದು ಜನರ ಮೇಲೆ ಎರಗುತ್ತಿದೆ ಎಂದು ಗಾಜಿಯಾಬಾದ್ ಕಡೆಯಿಂದ ಬಂದ ಸುದ್ದಿ ಪೂರ್ವ ದೆಹಲಿಯ ಇಕ್ಕಟ್ಟಿನ ಬಡಾವಣೆಗಳಿಗೆ ಹರಡಿತು. ಸುಡುಬೇಸಿಗೆ, ಕರೆಂಟ್ ಇಲ್ಲ. ಕುಟುಂಬಗಳು ತಾರಸಿಯ ಮೇಲೆ ಸಾಲಾಗಿ ಮಲಗುತ್ತಿದ್ದವು. ಕತ್ತಲಲ್ಲಿ ಒಬ್ಬರು ಚೀರಿದರೆ ಓಣಿಗೆ ಓಣಿಯೇ ಎದ್ದು ಓಡುತ್ತಿತ್ತು. ಒಬ್ಬರು ಕಂಡದ್ದು ನಾಲ್ಕಡಿ ಎತ್ತರದ ರೋಮಮಯ ಕೋತಿಯಾದರೆ, ಇನ್ನೊಬ್ಬರು ಕಂಡದ್ದು ಹೆಲ್ಮೆಟ್ ತೊಟ್ಟ, ಲೋಹದ ಉಗುರಿನ ಮನುಷ್ಯ. ಗಾಬರಿಯಲ್ಲಿ ತಾರಸಿಯಿಂದ ಬಿದ್ದವರು ಪ್ರಾಣ ಕಳೆದುಕೊಂಡರು. ಕುಳ್ಳಗಿದ್ದ ಸಾಧುವೊಬ್ಬನನ್ನು ಗುಂಪು ಹಿಡಿದು ಥಳಿಸಿತು.

ಪೊಲೀಸರು ಗಸ್ತು ಹೆಚ್ಚಿಸಿದ್ದು ಸರಿ. ಆದರೆ ರೇಖಾಚಿತ್ರ ಬಿಡುಗಡೆ ಮಾಡಿ, 50,000 ರೂಪಾಯಿ ಬಹುಮಾನ ಸಾರಿದ್ದು ತಪ್ಪು. ಇಲಾಖೆಯೇ ಹಂಚಿದ ಚಿತ್ರ ವದಂತಿಗೆ ಮುಖ ಕೊಟ್ಟಿತು. ಅಂಥದ್ದೊಂದು ಇರಲೇಬೇಕು ಎಂದು ಬಹುಮಾನ ನಂಬಿಸಿತು. ಕೊನೆಗೆ ವೈದ್ಯರೂ ವಿಧಿವಿಜ್ಞಾನ ತಜ್ಞರೂ ಪರಿಶೀಲಿಸಿದಾಗ ಅಂಥ ಜೀವಿಯ ಕುರುಹೇ ಸಿಗಲಿಲ್ಲ. ಇದು ಸಾಮೂಹಿಕ ಭೀತಿ ಎಂದು ತೀರ್ಮಾನವಾಯಿತು. ಮೊದಲು ಆಗಬೇಕಿದ್ದ ಕೆಲಸ ಕೊನೆಗೆ ಆಯಿತು.

ಆ ಪಾಠವನ್ನು ಯಾರೂ ಕಲಿಯಲಿಲ್ಲ. 2017ರಲ್ಲಿ ಉತ್ತರ ಭಾರತದಲ್ಲಿ ‘ಜಡೆ ಕತ್ತರಿಸುವವರ’ ಭಯ ಎದ್ದಾಗ, ಆಗ್ರಾ ಬಳಿ ವೃದ್ಧೆಯೊಬ್ಬರನ್ನು ಮಾಟಗಾತಿ ಎಂದು ಶಂಕಿಸಿ ಹೊಡೆದು ಕೊಂದರು. ಅದೇ ಭಯ ಹಬ್ಬಿದ ಕಾಶ್ಮೀರದಲ್ಲಿ ಪೊಲೀಸರು ಮೂರು ಲಕ್ಷ ರೂಪಾಯಿ ಬಹುಮಾನ ಘೋಷಿಸಿ, ಬಳಿಕ ಆರು ಲಕ್ಷಕ್ಕೆ ಏರಿಸಿದರು. ಅಲ್ಲೂ ಏಟು ತಿಂದವರು ಅಮಾಯಕರೇ.

ಠಾಣೆಯ ಕೆಲಸ ಆರೋಪಿಯನ್ನು ಹುಡುಕುವುದರಿಂದ ಶುರುವಾಗುತ್ತದೆ. ಆರೋಪಿಯೇ ಇಲ್ಲದ ದೂರು ಬಂದರೆ ಪೊಲೀಸರಿಗೆ ದಿಕ್ಕು ತೋಚುವುದಿಲ್ಲ. ‘ಎಲ್ಲಾ ಭ್ರಮೆ’ ಎಂದು ತಳ್ಳಿಹಾಕಿದರೂ ಉಪಯೋಗವಿಲ್ಲ. ಗಾಯ ತೋರಿಸುವವರ ಮಾತು ಕೇಳದೆ ಕಳಿಸಿದರೆ ಅವರು ದೊಣ್ಣೆ ಹಿಡಿದು ತಾವೇ ಕಾವಲಿಗೆ ನಿಲ್ಲುತ್ತಾರೆ.

ಕರ್ನಾಟಕಕ್ಕೆ ಈ ಅಪಾಯ ದೂರದ್ದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಬಲಿಯಾದರು. 2020ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವವರನ್ನು ಶಿಕ್ಷಿಸುತ್ತದೆ. ಅದು ಅಗತ್ಯವೇ, ಆದರೆ ಬಾಯಿಂದ ಬಾಯಿಗೆ ಹರಡುವ ಭೀತಿಯನ್ನು ಶಿಕ್ಷೆಯೊಂದೇ ತಡೆಯಲಾರದು.

ಆದ್ದರಿಂದ ಪ್ರತಿ ಜಿಲ್ಲಾಡಳಿತದ ಬಳಿ ಸಿದ್ಧ ಕಾರ್ಯಕ್ರಮ ಇರಬೇಕು. ಗಾಯಗೊಂಡವರನ್ನು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಕಂಡದ್ದನ್ನು ವೈದ್ಯರೇ ಆ ಓಣಿಯ ಜನರಿಗೆ ತಿಳಿಸಬೇಕು. ಪುರಾವೆ ಸಿಗುವವರೆಗೆ ಚಿತ್ರ, ಬಹುಮಾನ ಎರಡೂ ಕೂಡದು. ಬೀದಿದೀಪ ಉರಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಲೆಮಾರಿಗಳು, ಭಿಕ್ಷುಕರು, ಮಾನಸಿಕ ಅಸ್ವಸ್ಥರು, ಒಂಟಿ ವೃದ್ಧೆಯರಿಗೆ ಮೊದಲ ದಿನದಿಂದಲೇ ರಕ್ಷಣೆ ಸಿಗಬೇಕು. ಗುಂಪಿನ ಕೈಗೆ ಮೊದಲು ಸಿಗುವವರು ಅವರೇ.

— ಓದುಗ, ಧಾರವಾಡ